ಒಂದೂವರೆ ಅಡಿಯ ಗೋಡೆ

ನಮ್ಮೂರ ಟೆಂಟ್ ಸಿನಿಮಾದಲ್ಲಿ ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸುತ್ತಿದ್ದ ಮಣ್ಣಿನ ಗೋಡೆಯ ಎತ್ತರ ಒಂದೂವರೆ ಅಡಿ. ಅಂದಾಜಿನ ಮಾತಲ್ಲ. ಮೈಸೂರಿನ ಪತ್ರಿಕೆಯೊಂದಕ್ಕೆ ಕೊಳ್ಳೇಗಾಲದ ಸುದ್ದಿ ಕಳುಹಿಸುತ್ತಿದ್ದ ಕಾಲದಲ್ಲಿ, ಬೇರೆ ಸುದ್ದಿಯೇ ಹುಟ್ಟದ ಒಂದು ಸಂಜೆ, ಟೇಪು ಹಿಡಿದು ಅಳೆದವನು ನಾನೇ. ಆಡಿನ ಮರಿಯೂ ಸಲೀಸಾಗಿ ಹಾರಬಹುದಾಗಿದ್ದ ಆ ಗೋಡೆಯ ಮೇಲೆ ಊರಿನ ಮಾನವೆಲ್ಲ ನಿಂತಿದೆಯೆಂದು ನಾವು ನಂಬಿದ್ದೆವು. ನೀವು ನಗಬಹುದು, ನಿಮ್ಮೂರಿನ ಗೋಡೆಯನ್ನು ನೀವು ಅಳೆದಿರಲಾರಿರಿ.

ಟೆಂಟಿನಲ್ಲಿದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಬದಲಿಸಲು ಆಟಕ್ಕೆ ಮೂರು ಸಲ ಚಿತ್ರ ನಿಲ್ಲುತ್ತಿತ್ತು, ದೀಪ ಹತ್ತುತ್ತಿತ್ತು. ಕತ್ತಲಲ್ಲಿ ಗೋಡೆಗೆ ಒರಗಿ ಕೂತವರು ಬೆಳಕಾದೊಡನೆ ಒಂದು ಗೇಣು ಆಚೆ ಸರಿಯುವುದು ಅಲ್ಲಿನ ಶಿಷ್ಟಾಚಾರ. ನಮ್ಮ ಸದಾಚಾರ ಪೂರ್ತಿಯಾಗಿ ಆಪರೇಟರನ ಸ್ವಿಚ್ಚಿಗೆ ಅಧೀನವಾಗಿತ್ತು.

ಆ ವಾರದ ಚಿತ್ರ, ಮಹಾನಗರದ ಬಸ್ ನಿಲ್ದಾಣದಲ್ಲಿ ದಿನವೂ ಎದುರಾಗುವ, ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದ, ಕೂದಲು ನರೆತ ಗುಮಾಸ್ತನೊಬ್ಬ ಮತ್ತು ಉಪಾಧ್ಯಾಯಿನಿಯೊಬ್ಬಳ ಪ್ರೇಮದ ಕಥೆ. ಹೊಡೆದಾಟವಿಲ್ಲ, ಕುಣಿತವಿಲ್ಲ, ಎರಡನೆಯ ದಿನಕ್ಕೇ ಟೆಂಟು ಅರ್ಧ ಬರಿದು. ವಾರವಿಡೀ ಬರಿದಾಗದೆ ಉಳಿದ ಜಾಗಗಳು ಎರಡು: ಗೋಡೆಯ ಆ ಬದಿಗೆ ಸಾಕಮ್ಮ, ಈ ಬದಿಗೆ ಮಾದಪ್ಪ. ಬಂಡಳ್ಳಿಯ ಸಾಕಮ್ಮ ಗಂಡ ಸತ್ತ ಮೇಲೆ ಕೊಳ್ಳೇಗಾಲದಲ್ಲಿ ಅಣ್ಣ ಪುಟ್ಟಬಸವಯ್ಯನ ಮನೆ ಸೇರಿ, ರೇಷ್ಮೆ ನೂಲು ತೆಗೆಯುತ್ತಿದ್ದಳು. ಯಳಂದೂರಿನ ಮಾದಪ್ಪ ಹೆಂಡತಿಯನ್ನು ಕಳೆದುಕೊಂಡು ಇಲ್ಲಿಗೆ ಬಂದು ಸೈಕಲ್ ಶಾಪ್ ಇಟ್ಟಿದ್ದ. ಇಬ್ಬರಿಗೂ ನಲವತ್ತು ದಾಟಿತ್ತು. ಇಬ್ಬರಿಗೂ ಕೊಳ್ಳೇಗಾಲವೇ ಶಹರ. ಕತ್ತಲಲ್ಲಿ ಗೋಡೆಯ ಮೇಲಿನ ಕಡಲೆಕಾಯಿ ಪೊಟ್ಟಣ ಇಬ್ಬರದು. ಬೆಳಕಾದರೆ ಯಾರದೂ ಅಲ್ಲ.

ಸುದ್ದಿ ಅಣ್ಣನನ್ನು ಮುಟ್ಟಿತು. ತಂಗಿಯನ್ನು ಕರೆದುಕೊಂಡು ಆತ ಸೈಕಲ್ ಶಾಪಿಗೇ ಬಂದ. ನನ್ನ ಟೈರು ಪಂಕ್ಚರಾಗಿದ್ದರಿಂದ ನಾನೂ ಸಾಕ್ಷಿಯಾದೆ. ಪುಟ್ಟಬಸವಯ್ಯ ಕೆಟ್ಟವನಲ್ಲ. ಅವರ ಪೈಕಿ ವಿಧವೆಗೆ ಮರುಮದುವೆ ಉಂಟು, ಕೂಡಿಕೆ ಎನ್ನುತ್ತಾರೆ. ಆದರೆ ವಾಲಗ ಊದಿಸುವಂತಿಲ್ಲ, ಮುತ್ತೈದೆಯರು ಬರುವಂತಿಲ್ಲ. ದೀಪ ಆರಿಸಿ, ಸೀರೆಯೊಂದನ್ನು ಕೊಟ್ಟು ಮುಗಿಸಬೇಕು.

“ಕೂಡ್ಕೆ ಮಾಡ್ಕಳಿ, ಬ್ಯಾಡ ಅಂದೋರ್ಯಾರು?” ಎಂದ ಆತ. “ಅಮಾಸೆ ದಿನ ದೀಪ ಆರಿಸ್ಕಂಡು ಮುಗಿಸ್ಬುಡನ. ಟೆಂಟ್ನಲ್ಲಿ ಈ ಆಟ ಬ್ಯಾಡ.”

“ನನ್ ಬಳೆ ಒಡೆದಾಗ ಮಟಮಟ ಮದ್ಯಾನ ಕಣಣ್ಣ,” ಎಂದಳು ಸಾಕಮ್ಮ. “ಊರೆಲ್ಲಾ ನಿಂತ್ಕಂಡು ನೋಡ್ತು. ಈಗ್ಯಾಕೆ ದೀಪ ಆರಿಸ್ಬೇಕು?”

“ಲೇ ಮಾದಪ್ಪ, ನೀನಾರ ಇವ್ಳಿಗೆ ಬುದ್ದಿ ಏಳ್ಲಾ.”

ಮಾದಪ್ಪ ನನ್ನ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. “ಕತ್ಲಲ್ಲಿ ನಾನು ಪಂಚರೇ ಆಕಲ್ಲ ಭಾವ. ಮದ್ವೆ ಆಯ್ತೀನಾ?”

“ಯಾರ್ಲಾ ನಿಂಗೆ ಭಾವ?” ಎಂದ ಪುಟ್ಟಬಸವಯ್ಯ, ತಂಗಿಯ ಕಡೆ ತಿರುಗಿದ. “ದೀಪ ಅಚ್ಕಂಡು ಮಾಡ್ಕಂಡ್ರೆ ನಮ್ಮನೆ ಬಾಗ್ಲು ಮುಚ್ತು ಅನ್ಕೊ.” ಆಮೇಲೆ ನನಗೆ: “ಇದ್ನೆಲ್ಲಾ ಪೇಪರ್‌ಗಾಕ್ಬ್ಯಾಡಿ ಸಾ.”

ಅಂದು ಮನೆಗೆ ಸೈಕಲ್ ತುಳಿಯುತ್ತ ನನಗೊಂದು ತುಂಟ ಯೋಚನೆ ಬಂತು. ರಾಜ್ಯಗಳನ್ನು ಭಾಷೆಯ ಪ್ರಕಾರ ವಿಂಗಡಿಸಿದಾಗ ನಮ್ಮ ತಾಲ್ಲೂಕೇ ನಡುವಯಸ್ಸಿನಲ್ಲಿ ಮದರಾಸನ್ನು ಬಿಟ್ಟು ಮೈಸೂರಿನ ಮನೆ ಸೇರಿತ್ತು. ಆಗ ನಾವು ದೀಪ ಆರಿಸಿರಲಿಲ್ಲ. ಹಾಡಹಗಲೇ ಸಿಹಿ ಹಂಚಿದ್ದೆವು. ತಾಲ್ಲೂಕಿಗಿದ್ದ ಹಕ್ಕು ತಾಲ್ಲೂಕಿನ ಹೆಂಗಸಿಗೆ ಏಕಿಲ್ಲ?

ಚಿತ್ರದ ಕೊನೆಯ ದಿನ ಮೊದಲ ಆಟಕ್ಕೆ ಹೋದೆ. ಪುಟ್ಟಬಸವಯ್ಯನೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಮೂರನೆಯ ಸಲ ದೀಪ ಹತ್ತಿತು. ಟೆಂಟು ರೂಢಿಯಂತೆ ಒಂದು ಗೇಣು ಸರಿಯಿತು. ಅವರಿಬ್ಬರು ಸರಿಯಲಿಲ್ಲ. ಸಾಕಮ್ಮ ಎದ್ದು, ನೆರಿಗೆ ಎತ್ತಿ ಹಿಡಿದು, ಗೋಡೆಯ ಮೇಲೊಂದು ಕಾಲಿಟ್ಟು ಈಚೆ ಇಳಿದಳು. ಮಾದಪ್ಪ ಅಂಗಿಯ ಜೇಬಿನಿಂದ ಅರಿಶಿನದ ಕೊಂಬು ಕಟ್ಟಿದ ದಾರ ತೆಗೆದ.

“ದೀಪ ಆರ್ಸ್ಲಾ!” ಪುಟ್ಟಬಸವಯ್ಯ ಆಪರೇಟರನಿಗೆ ಕೂಗಿದ.

“ರೀಲ್ ಏರ್ಸಗಂಟ ಆರ್ಸಕಾಗಲ್ಲ ಕಣ್ರಿ,” ಗೂಡಿನೊಳಗಿಂದ ಉತ್ತರ ಬಂತು. “ನಂಗೂ ಬೆಳಕು ಬೇಕು.”

ಅಷ್ಟು ನಿಧಾನವಾಗಿ ಆತ ರೀಲು ಏರಿಸಿದ್ದನ್ನು ನಾನು ಕಂಡಿರಲಿಲ್ಲ. ಮೂರು ಗಂಟು ಬಿದ್ದ ಮೇಲೆಯೇ ಕತ್ತಲಾಯಿತು. ಪರದೆಯ ಮೇಲೆ ಗುಮಾಸ್ತನೂ ಉಪಾಧ್ಯಾಯಿನಿಯೂ ರೈಲು ನಿಲ್ದಾಣದಲ್ಲಿ ಬೇರೆಬೇರೆ ಗಾಡಿ ಹತ್ತಿ, ಲೋಕಕ್ಕೆ ಅಂಜಿ ಅಗಲಿದರು. “ಅಷ್ಟು ದೊಡ್ಡೂರ್ನಲ್ಲಿದ್ದು ಎದ್ರುಕಂಡವಲ್ಲ,” ಎಂದು ಸಾಕಮ್ಮ ಕಡಲೆಕಾಯಿ ಸುಲಿದಳು.

ಅಣ್ಣನ ಬಾಗಿಲು ಮುಚ್ಚಿತು. ಅವಳು ಅದನ್ನು ತಟ್ಟಲೂ ಇಲ್ಲ. ಸೈಕಲ್ ಶಾಪಿನ ಹಿಂದಿನ ಕೋಣೆಯಲ್ಲಿ ಒಲೆ ಹೂಡಿದಳು. ನಾನು ವರದಿ ಕಳುಹಿಸಿದೆ: ‘ಇಲ್ಲಿನ ಟೆಂಟಿನಲ್ಲಿ ನಡುವಯಸ್ಸಿನ ಇಬ್ಬರ ವಿವಾಹ ನೆರವೇರಿತು. ದೀಪಗಳು ಉರಿಯುತ್ತಿದ್ದವು.’ ಎರಡನೆಯ ವಾಕ್ಯ ಅನಾವಶ್ಯಕವೆಂದು ಉಪಸಂಪಾದಕರು ಹೊಡೆದುಹಾಕಿದರು. ಇಲ್ಲಿ ಅದನ್ನು ಮತ್ತೆ ಸೇರಿಸಿದ್ದೇನೆ.

ಮರುವಾರ ಟೇಪು ಹಿಡಿದು ಮತ್ತೆ ಹೋದೆ. ಸಾಕಮ್ಮ ಕಾಲಿಟ್ಟಲ್ಲಿ ಮಣ್ಣು ಕುಸಿದು ಗೋಡೆ ಒಂದಡಿ ಮೂರಂಗುಲಕ್ಕೆ ಇಳಿದಿತ್ತು. ಮಾಲೀಕರು ಮೆತ್ತಿಸಲು ಮಣ್ಣು ಕಲಸಿ ಇಟ್ಟಿದ್ದರು. ಬೇಡವೆಂದು ಒಪ್ಪಿಸಿ ಬಂದವನು ನಾನು. ಅದನ್ನು ಮಾತ್ರ ಪತ್ರಿಕೆಗೆ ವರದಿ ಮಾಡಲಿಲ್ಲ.