ಹರಿಹರದ ಅಕ್ಕಿ ಗಿರಣಿಗೆ ಕಂಪ್ಯೂಟರ್ ಒಯ್ದದ್ದು

ನಿಟ್ಟುವಳ್ಳಿಯ ಮನೆಯಿಂದ ಆಟೋ ಹಿಡಿದು ಬಸ್ ನಿಲ್ದಾಣ ಸೇರಿದಾಗ ಬೆಳಿಗ್ಗೆ ಎಂಟು ಗಂಟೆ. ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹೆಂಗಸರಿಗೆ ಟಿಕೆಟ್ ಉಚಿತ. ಕಂಪ್ಯೂಟರಿನ ಪೆಟ್ಟಿಗೆಗೆ ಲಗೇಜ್ ದುಡ್ಡು ಕೇಳಿಯಾರೆಂದು ಅದನ್ನು ತೊಡೆಯ ಮೇಲೇ ಇಟ್ಟುಕೊಂಡೆ. ಹದಿನಾಲ್ಕು ಕಿಲೋಮೀಟರು ದಾರಿಯಲ್ಲಿ ಒಮ್ಮೆಯೂ ಕೈ ಸಡಿಲಿಸಲಿಲ್ಲ. ನಾನೇ ಪ್ರೋಗ್ರಾಂ ಬರೆದು, ಒಬ್ಬಳೇ ಕೂರಿಸಲು ಹೊರಟ ಮೊದಲ ಯಂತ್ರ ಅದು.

ನೋಡಲು ದಪ್ಪ ಇಟ್ಟಿಗೆಯಂತಿತ್ತು. ಒಳಗೆ ಫ್ಯಾನ್ ಇಲ್ಲ, ಗಾಳಿಕಿಂಡಿ ಇಲ್ಲ. ಧೂಳು ನುಗ್ಗಲು ದಾರಿಯೇ ಇಲ್ಲ. ಬಿಸಿಯನ್ನು ಅಲ್ಯೂಮಿನಿಯಂ ಮೈಯೇ ಹೊರಹಾಕುತ್ತದೆ. ಸಿಮ್ ಹಾಕಿದರೆ ತಾನು ಅಳೆದ ಶಾಖದ ಲೆಕ್ಕವನ್ನು ತಂತಿಯಿಲ್ಲದೆ ದೂರದ ಪರದೆಗೆ ಕಳಿಸುತ್ತದೆ.

ಹರಿಹರದ ಆ ಅಕ್ಕಿ ಗಿರಣಿಯಲ್ಲಿ ಎರಡು ಸಾಧಾರಣ ಕಂಪ್ಯೂಟರುಗಳು ಹೊಟ್ಟಿನ ಧೂಳು ಕುಡಿದು ಕೆಟ್ಟಿದ್ದವು. ಇದೇ ಕೊನೆಯ ಪ್ರಯತ್ನ ಎಂದು ಸಾವುಕಾರರು ಬಾಗಿಲಲ್ಲೇ ಹೇಳಿದರು. ಭತ್ತ ಒಣಗಿಸುವ ಡ್ರೈಯರಿನ ಶಾಖ ಹೆಚ್ಚಾದರೆ ಅಕ್ಕಿಯೆಲ್ಲ ನುಚ್ಚು. ಅದಕ್ಕೇ ಗಂಗಮ್ಮ ಎಂಬಾಕೆ ಅರ್ಧ ಗಂಟೆಗೊಮ್ಮೆ ಕಬ್ಬಿಣದ ಮೆಟ್ಟಿಲು ಹತ್ತಿ ಮೀಟರ್ ನೋಡಿ ಬರುತ್ತಿದ್ದರು. ಹೋದ ತಿಂಗಳು ಜಾರಿ ಬಿದ್ದಿದ್ದರಂತೆ, ಇನ್ನೂ ಕುಂಟುತ್ತಿದ್ದರು.

ಮೆಟ್ಟಿಲ ತುದಿಯಲ್ಲಿ ಮೀಟರಿನ ಪಕ್ಕ ಪೆಟ್ಟಿಗೆ ಬಿಗಿದು, ಕೆಳಗಿಳಿದು ನೋಡಿದರೆ ಅಲ್ಲಿಟ್ಟಿದ್ದ ಪರದೆ ಖಾಲಿ. ಸುತ್ತ ತಗಡು, ಸಿಗ್ನಲ್ ಹೊರಗೆ ಹೋಗುತ್ತಲೇ ಇಲ್ಲ. ಮೂರು ಸಲ ಹತ್ತಿಳಿದೆ.

ಗಂಗಮ್ಮ ಹತ್ತಿರ ಬಂದರು. “ಅಲ್ಲಿ ನನ್ ಫೋನೂ ಹತ್ತಂಗಿಲ್ರಿ ಮೇಡಂ. ಮಗಳ ಹತ್ರ ಮಾತಾಡ್ಬೇಕಂದ್ರ ಹೊಳಿ ಕಡೆ ಕಿಟಕಿಗೆ ಹೋಗಿ ನಿಲ್ತೀನಿ.”

ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಆಂಟೆನಾವನ್ನು ಮಾತ್ರ ಉದ್ದನೆಯ ಕೇಬಲ್ಲಿನಲ್ಲಿ ಆ ಕಿಟಕಿಗೆ ಎಳೆದು ಕಟ್ಟಿದೆ. ಕೆಳಗೆ ಓಡಿಬಂದಾಗ ಪರದೆಯ ಮೇಲೆ ಎಪ್ಪತ್ತೆಂಟು ಡಿಗ್ರಿ. ನಂಬಲಾಗದೆ ಸಾವುಕಾರರು ಮೇಲೆ ಒಬ್ಬರನ್ನು ಕಳಿಸಿದರು. ಮೀಟರೂ ಎಪ್ಪತ್ತೆಂಟೇ ಎಂದು ಅಲ್ಲಿಂದ ಕೂಗು ಬಂತು. ನನಗೆ ಕುಣಿಯುವಷ್ಟು ಖುಷಿ.

ಗಂಗಮ್ಮನ ಮುಖ ಮಾತ್ರ ಬಾಡಿತ್ತು. “ಹಂಗಾರ ಇನ್ಮ್ಯಾಗೆ ನಾನು ಬ್ಯಾಡೇನ್ರಿ?” ಎಂದು ಮೆಲ್ಲಗೆ ಕೇಳಿದರು.

ಸಾವುಕಾರರು ಡ್ರೈಯರಿನಿಂದ ಒಂದು ಹಿಡಿ ಭತ್ತ ತಂದು ಅವರ ಅಂಗೈಗೆ ಸುರಿದರು. ಗಂಗಮ್ಮ ಒಂದು ಕಾಳು ಕಚ್ಚಿ, ಇನ್ನೂ ಹಸಿ ಐತೆ, ಒಂದು ತಾಸು ಬೇಕು ಎಂದರು.

“ಇದನ್ನ ಆ ಡಬ್ಬಿ ಹೇಳ್ತೈತೇನು? ಹತ್ತೋದು ಬ್ಯಾಡ ಅಷ್ಟ. ಕೂಡ್ರು,” ಎಂದು ಸಾವುಕಾರರು ಆಫೀಸಿನಿಂದ ತಮ್ಮ ಕುರ್ಚಿಯನ್ನೇ ತರಿಸಿದರು.

ಎಲ್ಲರೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ಮಧ್ಯಾಹ್ನದ ಬಸ್ಸಿಗೆ ಹೊರಟವಳು ಗೇಟಿನಲ್ಲಿ ತಿರುಗಿ ನೋಡಿದೆ. ಗಂಗಮ್ಮ ಕುರ್ಚಿಯ ಅಂಚಿನಲ್ಲಿ ಅಳುಕುತ್ತಾ ಕೂತಿದ್ದರು. ಆಮೇಲೆ ನಿಧಾನವಾಗಿ ಹಿಂದಕ್ಕೆ ಸರಿದು, ಬೆನ್ನು ಆನಿಸಿ, ನೋಯುವ ಕಾಲನ್ನು ಮುಂದೆ ಚಾಚಿಕೊಂಡರು.