ನಡುಹೊಳೆಯಲ್ಲಿ ನಿಂತ ರಾಜಕುಮಾರ

“ಯವ್ವಾ, ನಿನ್ನ ನಗು ನನಗ ಕೊಡ್ತೀಯೇನ? ನಗಲಾರದ ರಾಣಿ ಒಬ್ಬಾಕಿ ಸುಮ್ನ ಕುಂತಾಳ.”

ನಾನು ಲಿಂಗಸುಗೂರಿನಿಂದ ಮಸ್ಕಿಗೆ ಸೊಸೆಯಾಗಿ ಬಂದಾಗ ಪಕ್ಕದ ಮನೆಯ ಅಂಬಮ್ಮಾಯಿ ಆಡಿದ ಮೊದಲ ಮಾತು ಇದು. ನಾನು ನಕ್ಕುಬಿಟ್ಟೆ. ಅಷ್ಟೇ, ಹೋಯಿತು ನನ್ನ ನಗು. ಆ ಮಧ್ಯಾಹ್ನ ಬೇವಿನ ನೆರಳಿನಲ್ಲಿ ಓಣಿಯ ಹೆಂಗಸರೆಲ್ಲ ಕೌದಿ ಹೊಲಿಯುತ್ತ ಕೂತಿದ್ದಾಗ ಆಕೆ ಕಥೆ ಶುರುಮಾಡಿದಳು. ಅದರ ರಾಣಿ ಬಾಯಿಗೆ ಸೆರಗು ಅಡ್ಡ ಹಿಡಿದು, ಮೊದಲು ಭುಜ ಕುಣಿಸಿ, ಆಮೇಲೆ ಸದ್ದು ಹೊರಡಿಸಿ ನಕ್ಕಳು. ನಾನು ಹಾಗೆ ನಗುತ್ತೇನೆಂದು ನನಗೇ ಗೊತ್ತಿರಲಿಲ್ಲ.

ನಿಜಾಮನ ಕಾಲ ಅದು. ಗಂಡನನ್ನು ಕಳೆದುಕೊಂಡ ಅಂಬಮ್ಮಾಯಿ ಊರವರ ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿದು ಬದುಕುತ್ತಿದ್ದಳು. ಸಂತೆಗೆ ಹೋದರೆ ಕಾಯಿಪಲ್ಲೆಗಿಂತ ಮಂದಿಯನ್ನೇ ಹೆಚ್ಚು ನೋಡಿಕೊಂಡು ಬರುವಳು. ತಹಸೀಲು ಕಚೇರಿಯ ಪೇಶಕಾರ ಮಾತಿಗೆ ಮೊದಲು ಎಲೆಯಡಿಕೆ ಉಗುಳಿ ಮೀಸೆ ಒರೆಸಿಕೊಳ್ಳುತ್ತಿದ್ದ. ಮುಂದಿನ ಕಥೆಯ ರಾಕ್ಷಸನೂ ಹಾಗೇ ಮಾಡಿದ. ನಮ್ಮತ್ತೆಯವರು ರೊಟ್ಟಿ ಬುಟ್ಟಿಯ ಮೇಲೆ ಕೈಯಿಟ್ಟುಕೊಂಡೇ ಮಲಗುವವರು. ಕಥೆಯ ಮಲತಾಯಿ ಬುಟ್ಟಿ ತಬ್ಬಿಕೊಂಡು ಗೊರಕೆ ಹೊಡೆದಾಗ ನಾನು ಹೆದರಿ ಅತ್ತೆಯ ಮುಖ ನೋಡಿದೆ. ಅತ್ತೆ ಮಾತ್ರ ತಮ್ಮ ಓರಗಿತ್ತಿಯನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಥೇಟ್ ನಮ್ಮ ನೆಗೆಣ್ಣಿ ಆಗ್ಯಾಳ ನೋಡು ಇಕಿ!”

“ಹೌದೇಳವ್ವ,” ಎನ್ನುತ್ತ ಅಂಬಮ್ಮಾಯಿ ಸೂಜಿಗೆ ದಾರ ಪೋಣಿಸಿದಳು.

ಒಬ್ಬನನ್ನು ಮಾತ್ರ ಆಕೆ ಯಾರಿಂದಲೂ ಎರವಲು ತಂದಿರಲಿಲ್ಲ. ಎಡಗೈಯಲ್ಲಿ ಉಂಡು ತಾಯಿಯಿಂದ ಬೈಸಿಕೊಳ್ಳುವ ಆ ರಾಜಕುಮಾರ ಎಲ್ಲ ಕಥೆಗಳಲ್ಲೂ ಬರುತ್ತಿದ್ದ. ಅವನು ಆಕೆಯ ಮಗ ದುರ್ಗಪ್ಪನೇ ಎಂದು ಓಣಿಗೆಲ್ಲ ಗೊತ್ತಿತ್ತು. ದುರ್ಗಪ್ಪ ಕೂಲಿ ಹುಡುಕಿಕೊಂಡು ತುಂಗಭದ್ರೆಯ ಆಚೆ, ಬಳ್ಳಾರಿ ಸೀಮೆಗೆಂದು ಹೋದವನು ತಿರುಗಿ ಬಂದಿರಲಿಲ್ಲ. ಸುದ್ದಿಯೂ ಇರಲಿಲ್ಲ. ಕಥೆಯ ರಾಜಕುಮಾರನೂ ಹರಿಗೋಲು ಹತ್ತುವನು. ನಡುಹೊಳೆಗೆ ಬಂದೊಡನೆ ಕಥೆ ನಿಂತುಬಿಡುವುದು.

“ದಾಟಸು ಆಯಿ ಅವನ್ನ,” ಎಂದು ನಾವು ಗೋಗರೆಯುತ್ತಿದ್ದೆವು.

“ಹ್ಯಾಂಗ ದಾಟಸ್ಲಿ? ದಂಡಿ ಮ್ಯಾಲೆ ನಿಂತು ನಡುಹೊಳಿ ತನಕ ನೋಡೀನಿ. ಆಮ್ಯಾಲೆ ಮಂಜು ಮುಚ್ಚಿಬಿಡ್ತು. ನಾ ನೋಡಲಾರದ್ದು ಹೇಳಾಂಗಿಲ್ಲ.”

“ಮತ್ತ ರಾಕ್ಷಸನ್ನ ನೋಡೀಯೇನು?”

“ಪೇಶಕಾರನ್ನ ನೋಡೀನಲ್ಲ!”

ಒಂದು ಬೆಳಿಗ್ಗೆ ನಾನು ಮಜ್ಜಿಗೆ ಕೊಡಲು ಹೋದಾಗ ಸಿಂಧನೂರಿನಿಂದ ಬಂದ ಆಕೆಯ ತಮ್ಮ ಬಾಗಿಲಲ್ಲೇ ನಿಂತಿದ್ದ.

“ಅಕ್ಕಾ, ದುರ್ಗ್ಯಾ ತೀರಿಕೊಂಡಾನವ್ವ. ಹೊಳಿ ಆಚಿ ಕಲ್ಲು ಒಡಿಯಾ ಕೆಲಸದಾಗ ಇದ್ನಂತ. ಜ್ವರ ಬಂದು ಹೋದ್ನಂತ. ಬಾಳ ದಿನಾ ಆತಂತ.”

ಆಕೆ ಅಳಲಿಲ್ಲ. ಹೊಸ್ತಿಲ ಮೇಲೆ ಕೂತಳು. “ಅಂದ್ರ ಹೊಳಿ ದಾಟಿದ್ದ,” ಎಂದಳು. ನನ್ನ ಕಡೆ ತಿರುಗಿ, “ಓಣ್ಯಾಗ ಇವತ್ತ ಹೇಳಬ್ಯಾಡವ್ವ,” ಎಂದಳು.

ಮಧ್ಯಾಹ್ನ ಆಕೆ ಎಂದಿನಂತೆ ಬೇವಿನ ನೆರಳಿಗೆ ಬಂದಳು. ರಾಜಕುಮಾರ ಹರಿಗೋಲು ಹತ್ತಿದ. ನಡುಹೊಳೆಗೆ ಬಂದ. ಹರಿಗೋಲು ಆಚೆ ದಂಡೆ ಮುಟ್ಟಿತು! ಅವನು ಜಿಗಿದು, ಎಡಗೈಯಿಂದ ಒದ್ದೆ ಧೋತರ ಹಿಂಡಿದ. ಕಲ್ಲು ಒಡೆದು ಅರಮನೆ ಕಟ್ಟಿದ. ಅಲ್ಲಿಯ ಹುಡುಗಿಯನ್ನು ಮದುವೆಯಾಗಿ, ಕರೆದುಕೊಂಡು ತಿರುಗಿ ಹೊಳೆ ದಾಟಿದ. ತಾಯಿಯ ಬಾಗಿಲಲ್ಲಿ ನಿಂತು, “ಯವ್ವಾ, ಹಸಿವ್ಯಾಗೈತಿ,” ಎಂದ. ಪಕ್ಕದಲ್ಲಿ ನಿಂತ ಹೊಸ ರಾಣಿ ನನ್ನ ನಗು ನಕ್ಕಳು.

ಹೆಂಗಸರು ಸೂಜಿ ಬಿಟ್ಟು ಚಪ್ಪಾಳೆ ತಟ್ಟಿದರು. “ಆಯಿ, ಮಗ ಬಂದಾನೇನು?”

“ಬಂದಾನ,” ಎಂದಳು.

ಎಲ್ಲರೂ ಎದ್ದು ಹೋದ ಮೇಲೆ ನಾನು ತಡೆಯಲಾರದೆ ಕೇಳಿದೆ: “ಆಯಿ, ಇದನ್ನ ನೀ ನೋಡಿಲ್ಲಲ್ಲ?”

“ನೋಡಿದ್ದೆಲ್ಲಾ ಮುಗೀತವ್ವ. ಇನ್ನ ಮುಂದಿಂದು ನಾನ ಹಡೀಬೇಕು.”

ಆಗ ಆಕೆಯ ಕಣ್ಣು ತುಂಬಿದವು. ಗುಡಿಯ ಮುಂದೆಯೂ ನನಗೆ ಅಂಥ ಭಯಭಕ್ತಿ ಹುಟ್ಟಿದ್ದಿಲ್ಲ. ಬಗ್ಗಿ ಆಕೆಯ ಕಾಲು ಮುಟ್ಟಿದೆ.

ಮುಂದೆ ನನ್ನ ಗಂಡ ಅಂಗಡಿ ಇಟ್ಟದ್ದರಿಂದ ನಾವು ಸಿಂಧನೂರಿಗೆ ಬಂದುಬಿಟ್ಟೆವು. ನಾನು ಆಕೆಯನ್ನು ಮತ್ತೆ ನೋಡಲಿಲ್ಲ. ಮಸ್ಕಿಯಿಂದ ಯಾರೇ ಬಂದರೂ ಆಯಿಯ ಜೊತೆಗೆ ರಾಜಕುಮಾರನನ್ನೂ ವಿಚಾರಿಸುತ್ತಿದ್ದೆ. ಅವನಿಗೆ ಮಗ ಹುಟ್ಟಿದನಂತೆ, ಹೆಂಡತಿಯೊಡನೆ ಜಗಳಾಡಿದನಂತೆ, ಸೊಸೆ ತಂದನಂತೆ. ಎಷ್ಟೋ ವರ್ಷಗಳ ಮೇಲೆ ಆಯಿ ತೀರಿಕೊಂಡ ಸುದ್ದಿ ತಂದವಳು ಆಕೆಯ ಕೊನೆಯ ಕಥೆಯನ್ನೂ ತಂದಳು. ಅದರಲ್ಲಿ ರಾಜಕುಮಾರನ ಗಡ್ಡ ನರೆತಿತ್ತಂತೆ. ಮೊಮ್ಮಗಳಿಗೆ ಎಡಗೈಯಿಂದ ತುತ್ತು ಉಣಿಸಲು ಹೋಗಿ, ತಾಯಿಯಿಂದ ಬೈಸಿಕೊಂಡನಂತೆ.