ಆಷಾಢದಲ್ಲೇ ಬಂದ ಅಮ್ಮನ ತಿಥಿ

ಫೋನನ್ನು ನಾನು ಮಲಗುವ ಕೋಣೆಗೆ ಸೇರಿಸುವುದಿಲ್ಲ. ಊಟದ ಮನೆಯ ಕಪಾಟಿನಲ್ಲಿ ಮುಖ ಕೆಳಗೆ ಮಾಡಿ ಇಡುತ್ತೇನೆ. ಟಾರ್ಚಿನ ಆ್ಯಪ್ ಒಂದನ್ನು ತಮ್ಮ ಹಾಕಿಕೊಟ್ಟಿದ್ದ. ತೆರೆದ ಕೂಡಲೇ ಅದು ನನ್ನ ನೆಂಟರಿಷ್ಟರ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿತು. ಬೆಳಕು ಬಿಡುವುದಕ್ಕೆ ನಮ್ಮ ಸೋದರತ್ತೆಯ ನಂಬರು ಯಾಕೆ ಬೇಕು? ಅಂದೇ ಅದನ್ನು ತೆಗೆಸಿ, ಅಂಗಡಿಯಿಂದ ಸೆಲ್ಲು ಹಾಕುವ ಟಾರ್ಚು ತಂದೆ. ಬೆಳಿಗ್ಗೆ ಏಳುವುದಕ್ಕೆ ಕೀ ಕೊಡುವ ಗಡಿಯಾರ, ದಿನ ನೋಡುವುದಕ್ಕೆ ಅಡುಗೆಮನೆ ಗೋಡೆಯ ಕ್ಯಾಲೆಂಡರು. ಇವು ನನ್ನನ್ನು ಏನೂ ಕೇಳುವುದಿಲ್ಲ.

ಅಕ್ಕನಿಗೆ ಫೋನಿನ ಮೇಲೂ ಗುಮಾನಿ ಎಂದು ತಮ್ಮ ನಗುತ್ತಾನೆ. ಹೌದು, ಗುಮಾನಿಯೇ. ಬಿಟ್ಟಿ ಸೇವೆ ಮಾಡುತ್ತೇನೆಂದು ಬರುವವರನ್ನು ನಾನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುವವಳು.

ಅಮ್ಮ ಹೋದದ್ದು ಶ್ರಾವಣ ಬಹುಳ ದಶಮಿ, ಗೋಕುಲಾಷ್ಟಮಿಯಾದ ಎರಡನೆಯ ದಿನ. ಪ್ರತಿವರ್ಷ ಆ ತಿಥಿಗೆ ಸಿದ್ಧಾರ್ಥನಗರದ ತಮ್ಮನ ಮನೆಯಲ್ಲಿ ಅವಳ ಫೋಟೋ ಮುಂದೆ ಎಲೆ ಹಾಕಿ, ಅವಳಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಡುತ್ತೇವೆ. ನಮ್ಮಲ್ಲಿ ಪುರೋಹಿತರನ್ನು ಕರೆಯುವ ಪದ್ಧತಿಯಿಲ್ಲ. ಮಕ್ಕಳು ದಿನ ನೆನಪಿಟ್ಟುಕೊಂಡರೆ ಸಾಕು.

ಈ ವರ್ಷ ಒಂದು ಬೆಳಿಗ್ಗೆ ತಮ್ಮ ಫೋನ್ ಮಾಡಿದ. "ಅಕ್ಕಾ, ನಾಳೆ ಅಮ್ಮನ ತಿಥಿ. ಮೊಬೈಲಿನ ಪಂಚಾಂಗದಲ್ಲಿ ಬಂದಿದೆ. ಬೇಗ ಬಂದ್ಬುಡು."

ಶ್ರಾವಣದಲ್ಲಿ ಆ ತಿಥಿಗಿಂತ ಮೊದಲು ಬರುವ ವರಮಹಾಲಕ್ಷ್ಮಿ ಹಬ್ಬಕ್ಕೆ ನಾನಿನ್ನೂ ಕಳಶದ ಚೊಂಬನ್ನೇ ಅಟ್ಟದಿಂದ ಇಳಿಸಿರಲಿಲ್ಲ.

"ಬೆಟ್ಟಕ್ಕೆ ಆಷಾಢ ಶುಕ್ರವಾರದ ಜನ ಹೋಗೋದೇ ಇನ್ನೂ ಮುಗಿದಿಲ್ಲ ಕಣೋ. ಶ್ರಾವಣ ಎಲ್ಲಿಂದ ಬಂತು?"

"ತಿಂಗಳು, ಪಕ್ಷ, ತಿಥಿ ಎಲ್ಲಾ ತೋರಿಸ್ತಾ ಇದೆ ಕಣಕ್ಕ. ನಿಂಗೆ ಎಲ್ಲದರ ಮೇಲೂ ಅನುಮಾನ."

ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಸುತ್ತಿ ಚೀಲದಲ್ಲಿಟ್ಟುಕೊಂಡು ಚಾಮರಾಜಪುರದಿಂದ ಆಟೋ ಹತ್ತಿದೆ. ಅವನ ಮನೆಯ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆವು. ಫೋನಿನಲ್ಲಿ ಶ್ರಾವಣ, ಕಾಗದದಲ್ಲಿ ಆಷಾಢ. ಬಹುಳ ದಶಮಿ ಎರಡರಲ್ಲೂ ಇತ್ತು. ತಮ್ಮನ ಹೆಂಡತಿ ಫೋನು ಕೆದಕಿದಾಗ ವಿಷಯ ಹೊರಬಿತ್ತು. ಆ ಪಂಚಾಂಗದ ಆ್ಯಪಿನದು ಉತ್ತರ ಭಾರತದವರ ಲೆಕ್ಕ. ನಮಗೆ ಅಮಾವಾಸ್ಯೆಗೆ ತಿಂಗಳು ಮುಗಿದರೆ ಅವರಿಗೆ ಹುಣ್ಣಿಮೆಗೇ ಮುಗಿಯುತ್ತದೆ. ಹುಣ್ಣಿಮೆಯ ಮರುದಿನವೇ ಅವರು ಮುಂದಿನ ತಿಂಗಳಿಗೆ ಕಾಲಿಟ್ಟಿರುತ್ತಾರೆ. ಅಮ್ಮನ ದಿನಕ್ಕೆ ಇನ್ನೂ ಒಂದು ತಿಂಗಳಿತ್ತು.

ಗೆದ್ದೆನೆಂದು ಬೀಗುವುದರಲ್ಲಿದ್ದೆ. ಅಷ್ಟರಲ್ಲಿ ಇನ್ನೊಂದು ಅನುಮಾನ ತಲೆಯೆತ್ತಿತು.

"ಹೋದ್ವರ್ಷ ಯಾವತ್ತು ಎಡೆ ಇಟ್ಟೆಯೋ?"

ಅವನು ಫೋನನ್ನು ಮುಖ ಕೆಳಗೆ ಮಾಡಿ ಇಟ್ಟ. ಹೋದ ವರ್ಷ ಆ ಹೊತ್ತಿಗೆ ನಾನು ಕಾಲು ಮುರಿದುಕೊಂಡು, ಪ್ಲಾಸ್ಟರು ಹಾಕಿಸಿಕೊಂಡು ನಡುಮನೆಯ ಮಂಚದ ಮೇಲೆ ಬಿದ್ದಿದ್ದೆ. ನೋವಿನ ಮಾತ್ರೆಯ ಮಂಪರಿನಲ್ಲಿ ವಾರ, ತಿಂಗಳು ಒಂದೂ ತಿಳಿಯುತ್ತಿರಲಿಲ್ಲ. ಇವನು ವಡೆ, ಪಾಯಸ ತಂದು, "ಇವತ್ತು ಎಡೆ ಇಟ್ಟೆ ಕಣಕ್ಕ, ಮೊಬೈಲೇ ನೆನಪು ಮಾಡ್ತು" ಅಂದಿದ್ದ. ಪುಣ್ಯಾತ್ಮ ಮರೆಯಲಿಲ್ಲವಲ್ಲ ಎಂದು ಕಣ್ಣೊರೆಸಿಕೊಂಡು ತಿಂದಿದ್ದೆ. ಗೋಡೆಯ ಕ್ಯಾಲೆಂಡರು ನೋಡಿ ಬಾ ಎಂದು ಯಾರಿಗೂ ಹೇಳಲಿಲ್ಲ. ಜನ್ಮದಲ್ಲಿ ಅದೊಂದು ಸಲ ನಂಬಿದ್ದೆ. ಅದೂ ಒಂದು ತಿಂಗಳು ಮೊದಲೇ ಇಟ್ಟ ಎಡೆ. ಅಮ್ಮನ ನಿಜವಾದ ದಿನ ಬಂದು, ಅವಳ ಫೋಟೋ ಮುಂದೆ ಒಂದು ತುತ್ತೂ ಇಲ್ಲದೆ ಕಳೆದುಹೋಗಿತ್ತು.

"ಅಮ್ಮ ಏನೂ ಅಂದ್ಕೊಳ್ಳಲ್ಲ ಬುಡಕ್ಕ" ಅಂದ. ಆ ಮಾತನ್ನು ಅವನೇ ನಂಬಿದಂತಿರಲಿಲ್ಲ.

ಗೋಕುಲಾಷ್ಟಮಿಯಾದ ಎರಡನೆಯ ದಿನ ಅವನ ಮನೆಗೆ ಹೋಗಿ ನಾನೇ ಅಡುಗೆ ಮಾಡಿದೆ. ಫೋಟೋ ಮುಂದೆ ಎಲೆ ಹಾಕಿ ಬಡಿಸಲು ಕೂತಾಗ ತಮ್ಮ ಎದ್ದು ಒಳಗೆ ಹೋದ. ಇನ್ನೊಂದು ಬಾಳೆಎಲೆ ತೊಳೆದು ತಂದು ಪಕ್ಕದಲ್ಲೇ ಹಾಕಿದ. ಯಾಕೆಂದು ನಾನು ಕೇಳಲಿಲ್ಲ. ಎರಡಕ್ಕೂ ಬಡಿಸಿದೆ.